ಬಾವಿ ತಾವ ಇವ್ನಿ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಕುಕ್ಕರ್ ಕೂಗುವ ಮುಂಚೆ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತೇನೆ. ಬಸ್ಸು ನಾಲೆ ಏರಿಯ ಮೇಲೆ ಹೋಗುವಾಗ ಕಿಟಕಿ ಪಕ್ಕ ಕೂರುವುದಿಲ್ಲ; ಬೇರೆ ಸೀಟು ಸಿಗದಿದ್ದರೆ ಕಣ್ಣು ಮುಚ್ಚಿಕೊಂಡು ಮುಂದಿನ ಕಂಬಿ ಹಿಡಿದಿರುತ್ತೇನೆ. ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸಿಗೆ ಅಳತೆ ತೆಗೆಯುವಾಗ ಹಿಂದಿನಿಂದ ಯಾರಾದರೂ ಕರೆದರೆ ಟೇಪು ಕೈ ಜಾರಿ ಬೀಳುತ್ತದೆ. ಇಂಥವಳು ಹೆದರಿಸುವ ವಿಡಿಯೋ ಗೇಮ್ ಆಡಲು ಕೂತದ್ದು ಹೇಗೆ ಅಂತ ನನ್ನ ಗಂಡ ಇವತ್ತಿಗೂ ಕೇಳುತ್ತಾರೆ.

ಮಗ ಹತ್ತನೇ ಕ್ಲಾಸಿಗೆ ಬಂದಾಗ ಅವನ ಕಂಪ್ಯೂಟರನ್ನು ಕಿತ್ತು ತಂದು ಅಂಗಡಿ ಕೋಣೆಯಲ್ಲಿ ಇಟ್ಟೆ. ಪರೀಕ್ಷೆ ಮುಗಿಯುವವರೆಗೆ ಮುಟ್ಟಕೂಡದು ಅಂತ ತಾಕೀತು. ಅವನು ಅರ್ಧಕ್ಕೆ ಬಿಟ್ಟ ಆಟವೊಂದು ಅದರಲ್ಲಿತ್ತು. ಊಟ ತಿಂಡಿ ಬಿಟ್ಟು ನೋಡುವಂಥದ್ದು ಇದರಲ್ಲಿ ಏನಿದೆ ಅಂತ ಒಂದು ಮಧ್ಯಾಹ್ನ ತೆರೆದೆ. ಬೈಯುವುದಕ್ಕೆ ಒಂದು ಆಧಾರ ಬೇಕಿತ್ತು, ಅಷ್ಟೇ. ಮಗ ಪಾಸಾಗಿ ಕ್ರಿಕೆಟ್ಟಿನ ಹಿಂದೆ ಹೋದ. ನಾನು ಆಟದಲ್ಲೇ ಉಳಿದೆ.

ಆ ಆಟದ ಕಥೆ ಹೇಳುವುದು ಕಷ್ಟ, ಯಾಕೆಂದರೆ ಅದು ಕಥೆ ಹೇಳುವುದೇ ಇಲ್ಲ. ಜನ ಬಿಟ್ಟುಹೋದ ಒಂದು ಊರು, ಎದೆಮಟ್ಟ ಬೆಳೆದ ಹುಲ್ಲು. ನಾವು ಒಬ್ಬ ಮನುಷ್ಯ, ಬಲಗೈಯಲ್ಲಿ ಕಂದೀಲು. ಊರಿನ ಆಚೆ ತುದಿಯ ಮನೆಗೆ ಹೋಗಿ ಸೇರಬೇಕು. ನಡೆಯುವಾಗ ಎಲ್ಲೋ ಹುಲ್ಲು ಅಲ್ಲಾಡುತ್ತದೆ. ಏನೋ ಬಂದು ಮುಟ್ಟುತ್ತದೆ, ಪರದೆ ಕಪ್ಪಾಗುತ್ತದೆ. ಮುಟ್ಟಿದ್ದು ಏನು ಅಂತ ಒಂದು ಸಲವೂ ತೋರಿಸುವುದಿಲ್ಲ. ಮತ್ತೆ ಬೆಳಕಾದಾಗ ಊರ ಬಾವಿಯ ಪಕ್ಕ ಎದ್ದು ನಿಂತಿರುತ್ತೇವೆ. ಎಲ್ಲ ಮೊದಲಿನ ಹಾಗೇ ಇರುತ್ತದೆ, ಕಂದೀಲು ಮಾತ್ರ ಎಡಗೈಗೆ ಬಂದಿರುತ್ತದೆ. ಹಾಗಾದರೆ ಬಾವಿಯಿಂದ ಎದ್ದು ಬಂದವನು ಆ ಸತ್ತವನೇನಾ, ಇಲ್ಲಾ ಅವನ ಮುಖ ಇಟ್ಟುಕೊಂಡು ಬಂದ ಬೇರೆ ಯಾರೋನಾ? ಆಟ ಮಾಡಿದವರು ಇದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ನಾನು ಪರದೆಯ ಬೆಳಕು ಪೂರ್ತಿ ಏರಿಸಿ, ಸದ್ದು ಪೂರ್ತಿ ಇಳಿಸಿ, ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟುಕೊಂಡು, ಬೀದಿಯಲ್ಲಿ ಬಿಸಿಲಿರುವಾಗ ಮಾತ್ರ ಆಡುತ್ತಿದ್ದೆ.

ಈ ಆಟವನ್ನು ಆಡಿ ತೋರಿಸುವ ಕನ್ನಡದ ವಿಡಿಯೋಗಳ ಕೆಳಗೆ ನಾವು ನಾಲ್ಕು ಜನ ಸಿಕ್ಕಿಕೊಂಡೆವು. ಬರೆಯುವ ಮಾತಿನಲ್ಲೇ ಮಂಡ್ಯ ಕಡೆಯವರು ಅಂತ ಗೊತ್ತಾಗುತ್ತಿತ್ತು. ಒಬ್ಬ ಪಾಂಡವಪುರದವನು, ಗೊಬ್ಬರದಂಗಡಿಯಲ್ಲಿ ಕೆಲಸ. ಇನ್ನೊಬ್ಬ ಕೆ.ಆರ್. ಪೇಟೆಯ ಸಾಬರ ಹುಡುಗ, ಮೊಬೈಲ್ ರಿಪೇರಿ ಅಂಗಡಿಯವನು. ಮೂರನೆಯವನು ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆಯವನು. ತಾಯಿ ಜೊತೆ ಇದ್ದು ರಾಗಿ, ಹುರುಳಿ, ಎರಡು ಸೀಮೆಹಸು ನೋಡಿಕೊಳ್ಳುತ್ತಿದ್ದ. ನಾಲ್ಕನೆಯವಳು ನಾನು. ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು, ವಯಸ್ಸಿನಲ್ಲೂ ದೊಡ್ಡವಳು, ಆದ್ದರಿಂದ ಎಲ್ಲರಿಗೂ ಅಕ್ಕ. ತಮ್ಮತಮ್ಮಲ್ಲಿ ಮಾತ್ರ ಅವರು ಲೇ, ಕಣ್ಲಾ ಅಂತ ಕಚ್ಚಾಡಿಕೊಂಡಿರುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಹುಲ್ಲಿನಲ್ಲಿ ಬಂದು ಮುಟ್ಟುವುದಕ್ಕೆ ನಮ್ಮ ಗುಂಪಿನಲ್ಲಿ ಹೆಸರಿಟ್ಟವನು ದೇವಲಾಪುರದವನು. ಮೊದಲನೇ ದಿನವೇ ಅವನು ಅದನ್ನು ಹುಳ ಅಂದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾವನ್ನು ನಾವು ಹಾವು ಅನ್ನುವುದಿಲ್ಲ, ದೀಪ ಹಚ್ಚಿದ ಮೇಲಂತೂ ಅನ್ನುವುದೇ ಇಲ್ಲ. ಹೆಸರು ಹಿಡಿದರೆ ಕರೆದ ಹಾಗೆ ಆಗುತ್ತದೆ ಅಂತ ಹಿರಿಯರ ಹೆದರಿಕೆ. ಅದು ಹುಳ. ಅದು ಕಚ್ಚುವುದಿಲ್ಲ, ಮುಟ್ಟುತ್ತದೆ. ಚಿಕ್ಕಂದಿನಲ್ಲಿ ಒಂದು ಸಂಜೆ ನಾನು ಬಚ್ಚಲು ಕಡೆಯಿಂದ ಹಾವು ಅಂತ ಕೂಗಿದ್ದಕ್ಕೆ ನಮ್ಮವ್ವ ಮೊದಲು ನನ್ನ ಬಾಯಿಗೆ ಬಡಿದು ಆಮೇಲೆ ದೊಣ್ಣೆ ಹುಡುಕಿದ್ದಳು. ಹೀಗೆ ಆಟದಲ್ಲಿ ಯಾರು ಸತ್ತರೂ ಗುಂಪಿನಲ್ಲಿ ಬರೆಯುವ ಒಂದು ಮಾತು ಹುಟ್ಟಿಕೊಂಡಿತು: "ಹುಳ ಮುಟ್ತು. ಬಾವಿ ತಾವ ಇವ್ನಿ." ಸತ್ತೆ, ಮತ್ತೆ ಬಾವಿಯ ಹತ್ತಿರ ಎದ್ದಿದ್ದೇನೆ ಅಂತ ಅರ್ಥ. ಊಟ ಆಯ್ತು ಅನ್ನುವಷ್ಟು ಸಲೀಸಾಗಿ ದಿನಕ್ಕೆ ಎಷ್ಟೋ ಸಲ ಬರೆಯುತ್ತಿದ್ದೆವು.

ಆಮೇಲೆ ಆ ಜಗಳ ಬಂತು. ಬೇರೆ ಬೇರೆ ದೇಶದ ಆಟಗಾರರು ಸೇರಿ ಆಟ ಮಾಡಿದವರನ್ನು ಕೇಳುತ್ತಿದ್ದರಂತೆ, ಒಳಗಿನ ಕಥೆಯನ್ನೆಲ್ಲ ಬಿಡಿಸಿ ಒಂದು ಅಧಿಕೃತ ಪುಸ್ತಕ ತನ್ನಿ ಅಂತ. ಅವರು ಒಂದು ಪ್ರಕಟಣೆ ಹಾಕಿ, ಬೇಕೋ ಬೇಡವೋ ನೀವೇ ವೋಟು ಮಾಡಿ ಅಂದರು. ನಮ್ಮ ಗುಂಪು ಅವತ್ತಿನಿಂದ ಒಡೆದು ಹೋಯಿತು.

ನಾನು ಬೇಕು ಅಂದೆ. ಕತ್ತಲಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಇರುವುದು ನನ್ನ ಕೈಲಿ ಆಗುವ ಕೆಲಸವಲ್ಲ. ಹುಲ್ಲಿನಲ್ಲಿರುವುದು ಇಂಥದ್ದು, ಎದ್ದು ಬರುವವನು ಇಂಥವನು ಅಂತ ಮಾಡಿದವರೇ ಬರೆದು ಕೊಟ್ಟರೆ ನಾನು ಕಾಲು ಕೆಳಗಿಟ್ಟು ಕೂತು ಆಡಬಹುದು ಅಂದೆ. ಕೆ.ಆರ್. ಪೇಟೆಯವನು ನಕ್ಕ. ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ, ಈಗ ಪುಸ್ತಕ ಮಾರುವುದಕ್ಕೆ ಕೂತು ಹೊಂದಿಸುತ್ತಾರೆ ಅನ್ನುವುದು ಅವನ ವಾದ. ಪಾಂಡವಪುರದವನು ಎರಡು ಕಡೆಗೂ ಸಲ್ಲುವ ಮನುಷ್ಯ. ಪುಸ್ತಕ ಬರಲಿ, ಬೇಡದವರು ಓದದಿದ್ದರಾಯಿತು ಅಂದ. ನನಗೆ ರೇಗಿ ಹೋಯಿತು. ಮಗಳಿಗೆ ಬಂದ ಕಾಗದ ಮನೆಯಲ್ಲಿದ್ದರೆ ಯಾವ ತಾಯಿ ಓದದೆ ಬಿಡುತ್ತಾಳೆ ಅಂತ ಕೇಳಿದೆ. ಅವನು ತನಗೆ ಮಗಳಿಲ್ಲ ಅಂದ.

ದೇವಲಾಪುರದವನು ಮಾತ್ರ ಬೇಡವೇ ಬೇಡ ಅನ್ನುತ್ತಿದ್ದ. ಅವನು ಹೆಚ್ಚು ಬರೆಯುವವನಲ್ಲ, ಆದರೆ ಈ ವಿಷಯಕ್ಕೆ ಒಂದು ಧ್ವನಿ ಸಂದೇಶ ಕಳಿಸಿದ. ಹಿಂದೆ ಹಸು ಕೂಗುತ್ತಿತ್ತು.

"ಅವ್ರು ಯೋಳ್ಬುಟ್ರೆ ಅದು ಬರೀ ಹುಳ ಆಗೋಯ್ತದೆ ಅಕ್ಕ. ಯೋಳ್ದೆ ಇದ್ರೆ ಅದು ಏನ್ ಬೇಕಾದ್ರೂ ಆಗ್ಬೋದು. ನಮ್ದು ಅಂತ ಒಸಿ ಉಳ್ಕೊಳ್ಳಿ ಬುಡಿ."

ನನಗೆ ಆ ಮಾತು ಹಿಡಿಸಿತು, ಆದರೂ ಒಪ್ಪಲಿಲ್ಲ. ಏನು ಬೇಕಾದರೂ ಆಗಬಹುದು ಅನ್ನುವುದೇ ತಾನೇ ನನ್ನ ಜನ್ಮದ ಕಷ್ಟ. ಮಾತಿಗೆ ಮಾತು ಬೆಳೆಯಿತು. ಎಲ್ಲರೂ ವೋಟು ಹಾಕಿಯಾಗಿತ್ತು, ಬೇಕಾದರೆ ಬದಲಾಯಿಸಲು ಇನ್ನೂ ಸಮಯ ಇತ್ತು. ನಾವು ಬೆಳಿಗ್ಗೆ ಎದ್ದು ಜಗಳ ಶುರು ಮಾಡಿ ರಾತ್ರಿ ಊಟದ ಹೊತ್ತಿಗೆ ನಿಲ್ಲಿಸುತ್ತಿದ್ದೆವು.

ಅಂಥದೊಂದು ಸಂಜೆ. ನಾನು ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಬಂದು ಒಂದು ಸೀರೆಗೆ ಫಾಲ್ಸ್ ಹಾಕುತ್ತಿದ್ದೆ. ಪಕ್ಕದಲ್ಲಿ ಮೊಬೈಲು. ಪೇಟೆಯವನಿಗೂ ಪಾಂಡವಪುರದವನಿಗೂ ಜೋರು ನಡೆದಿತ್ತು. ಅದರ ನಡುವೆ ದೇವಲಾಪುರದವನ ಸಂದೇಶ ಬಂತು.

"ಹುಳ ಮುಟ್ತು."

ಪೇಟೆಯವನು ಹಲ್ಲು ಕಿಸಿಯುವ ಬೊಂಬೆ ಕಳಿಸಿದ. ಹೋಗಿ ಬಾವಿ ತಾವ ಕುಂತ್ಕೊ, ನಮ್ಮ ಮಾತು ಮುಗೀಲಿ ಅಂದ. ಪಾಂಡವಪುರದವನು ಅದನ್ನು ಗಮನಿಸಲೇ ಇಲ್ಲ. ನಾನೂ ನಕ್ಕು ಸೂಜಿಗೆ ದಾರ ಪೋಣಿಸಲು ಹೋದೆ. ದಾರ ಹೋಗಲಿಲ್ಲ. ಏನೋ ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಮೊಬೈಲು ತೆಗೆದುಕೊಂಡು ಮತ್ತೆ ನೋಡಿದೆ. ಬಾವಿ ತಾವ ಇವ್ನಿ ಅನ್ನುವುದು ಇರಲಿಲ್ಲ. ನಾವು ಯಾರೂ, ಒಂದು ಸಲವೂ, ಆ ಮಾತನ್ನು ಅರ್ಧಕ್ಕೆ ನಿಲ್ಲಿಸಿರಲಿಲ್ಲ. ಕಾದೆ, ಬರಲಿಲ್ಲ. ಹಸುಗಳಿಗೆ ಮೇವು ಹಾಕುವ ಹೊತ್ತಿನಲ್ಲಿ ಅವನು ಆಟ ಆಡುವವನೂ ಅಲ್ಲ.

ಸೀರೆ ಪಕ್ಕಕ್ಕೆ ತಳ್ಳಿದೆ. ಫೋನು ಮಾಡಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದ. ಉಸಿರು ಕೇಳುತ್ತಿತ್ತು.

"ಎಲ್ಲಿದ್ದೀಯಪ್ಪ?"

"ಮೆದೆ ತಾವ."

"ಹುಳ ಮುಟ್ತು ಅಂದ್ಯಲ್ಲ, ಆಟದ್ದಾ, ನಿಜದ್ದಾ?"

ಹಿಂದೆ ಹಸು ಕೂಗಿತು.

"ನಿಜದ್ದು ಕಣಕ್ಕ. ಬಲ್ಗೈ."

ಹಸುಗಳಿಗೆ ರಾಗಿ ಹುಲ್ಲು ಹಿರಿಯುತ್ತಿದ್ದನಂತೆ. ಹುಲ್ಲಿನ ಮೆದೆಯೊಳಕ್ಕೆ ಕೈ ಹಾಕಿದಾಗ ಹುಲ್ಲು ಅಲ್ಲಾಡಿತು, ಅಷ್ಟೇ. ಏನೂ ಕಾಣಲಿಲ್ಲ. ಕೈ ಸುಡುತ್ತಿದೆ, ಬಾಯಿ ಒಣಗುತ್ತಿದೆ ಅಂದ. ತಾಯಿ ಡೈರಿಗೆ ಹಾಲು ಹಾಕಲು ಹೋಗಿದ್ದರು, ಅವರ ಮೊಬೈಲು ಮನೆಯಲ್ಲಿ ಚಾರ್ಜಿಗೆ ಇತ್ತು. ಎಡಗೈಯಲ್ಲಿ ಮೊಬೈಲು ತೆಗೆದಾಗ ನಮ್ಮ ಗುಂಪೇ ತೆರೆದುಕೊಂಡಿತ್ತು, ಆದ್ದರಿಂದ ನಮಗೇ ಬರೆದ. ಓಡಬೇಡ, ಕೈ ಆಡಿಸಬೇಡ, ಅಲ್ಲೇ ಕೂತ್ಕೊ ಅಂತ ಕಿರುಚಿದೆ.

ಆಂಬುಲೆನ್ಸಿಗೆ ಫೋನು ಮಾಡಿದೆ. ಊರಿನ ಹೆಸರು ಕೇಳಿದರು, ಹೇಳಿದೆ. ಯಾರ ಮನೆ, ಯಾವ ದಾರಿ ಅಂದಾಗ ನನಗೆ ಏನೂ ಗೊತ್ತಿರಲಿಲ್ಲ. ಬರುತ್ತೇವೆ, ದೂರದಲ್ಲಿದ್ದೇವೆ ಅಂದರು. ನಾನಿದ್ದದ್ದು ಮೈಸೂರು ರಸ್ತೆಯ ಪಕ್ಕ, ಅವನಿದ್ದದ್ದು ಜಿಲ್ಲೆಯ ಇನ್ನೊಂದು ಮೂಲೆ. ಆಗ ನೆನಪಾದದ್ದು ಪೇಟೆಯವನ ಮಾಮು. ತಾಯಿಯ ತಮ್ಮ, ಗೂಡ್ಸ್ ಗಾಡಿಯಲ್ಲಿ ಹಳ್ಳಿಹಳ್ಳಿ ತಿರುಗಿ ತೆಂಗಿನಕಾಯಿ ತುಂಬುವವರು. ಆ ವಾರವೆಲ್ಲ ದೇವಲಾಪುರದ ಕಡೆಯೇ ಇದ್ದಾರೆ ಅಂತ ಅವನೇ ಹೇಳಿದ್ದ. ಫೋನು ಮಾಡಿದೆ.

ದೇವಲಾಪುರದವನಿಗೆ ಹುಳ ಮುಟ್ಟಿದೆ, ನಿನ್ನ ಮಾಮು ಎಲ್ಲಿದ್ದಾರೆ ಅಂತ ಪೇಟೆಯವನನ್ನು ಕೇಳಿದೆ. ಅವನು ನಕ್ಕ.

"ನಂಗೂ ಮದ್ಯಾನ ಮುಟ್ಬುಡ್ತು ಕಣಕ್ಕ. ಮಾಮು ಬಂದು ಏನ್ ಮಾಡ್ತಾರೆ?"

ದೇವರ ದೀಪ ಉರಿಯುತ್ತಿತ್ತು. ಹೊರಗೆ ಕತ್ತಲಾಗುತ್ತಿತ್ತು. ಆ ಮಾತು ನನ್ನ ನಾಲಿಗೆಯ ಮೇಲೆ ಬರುವುದೇ ಇಲ್ಲ. ನಿಜದ ಹುಳ ಕಣೋ ಅಂದೆ, ಅವನು ಇನ್ನೂ ನಗುತ್ತಿದ್ದ. ನಮ್ಮವ್ವನ ಕೈ ಮತ್ತೆ ಬಾಯಿಗೆ ಬಂದು ಬಡಿಯುತ್ತದೆ ಅನ್ನಿಸಿತು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ.

"ಹಾವು. ಅವನಿಗೆ ಹಾವು ಕಚ್ಚೈತೆ."

ಆ ಕಡೆ ನಗು ನಿಂತಿತು. ಆಮೇಲೆ ಅಲ್ಲಾ ಅಂದ, ಫೋನು ಇಟ್ಟ. ನಾನು ಹೇಳಿಬಿಟ್ಟ ಮಾತು ಕೋಣೆಯಲ್ಲೇ ಎಲ್ಲೋ ಇದೆ ಅನ್ನುವ ಹಾಗೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು ಕೂತೆ. ಗಂಡ ಬಂದು ಏನಾಯಿತು ಅಂದರೆ ಮೊಬೈಲು ತೋರಿಸಿದೆ.

ಮುಂದಿನದೆಲ್ಲ ಫೋನಿನಲ್ಲಿ ಕೇಳಿದ್ದು. ಮಾಮು ಕಾಯಿ ತುಂಬುವುದನ್ನು ಅರ್ಧಕ್ಕೆ ಬಿಟ್ಟು ಹೋದರು. ಅಷ್ಟರಲ್ಲಿ ಊರವರು ನಾಲ್ಕು ಜನ ಸೇರಿ, ಪಕ್ಕದ ಊರಿನಲ್ಲಿ ಮಂತ್ರ ಹಾಕುವವರಿದ್ದಾರೆ, ಮೊದಲು ಅಲ್ಲಿಗೆ ಅನ್ನುತ್ತಿದ್ದರಂತೆ. ಮಾಮು ಯಾರ ಮಾತಿಗೂ ಕಿವಿಗೊಡದೆ ನಾಗಮಂಗಲದ ಆಸ್ಪತ್ರೆಗೆ ಅಂತ ಅವನನ್ನು ಗಾಡಿಗೆ ಹತ್ತಿಸಿದರು. ತಾಯಿ ಡೈರಿಯಿಂದ ಬಂದವರು ಬರಿದಾದ ಹಾಲಿನ ಕ್ಯಾನು ಹಿಡಿದುಕೊಂಡೇ ಹತ್ತಿ ಕೂತರು. ಪೇಟೆಯವನು ಅಂಗಡಿ ಬಾಗಿಲೆಳೆದು ಬೈಕಿನಲ್ಲಿ ನಾಗಮಂಗಲಕ್ಕೆ ಹೋದ. ಆಸ್ಪತ್ರೆಯ ವರಾಂಡದಿಂದ ಅವನು ಒಂದೊಂದೇ ಹೇಳುತ್ತಿದ್ದ. ಏನು ಕಚ್ಚಿದ್ದು, ನೋಡಿದಿರಾ ಅಂತ ಡಾಕ್ಟರು ಕೇಳಿದರು. ಯಾರೂ ನೋಡಿರಲಿಲ್ಲ. ಕೊಳಕುಮಂಡಲ ಇರಬಹುದು ಅಂತ ಊರವರೊಬ್ಬರು ಅಂದರು, ಅದೂ ಊಹೆ. ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ಹಾಕಿ ಅಲ್ಲಾಡಿಸದೆ ಇಟ್ಟರು. ಒಳ್ಳೆಯ ರಕ್ತವಾದರೆ ಹೆಪ್ಪುಗಟ್ಟುತ್ತದಂತೆ. ವಿಷ ಏರಿದ್ದರೆ ನೀರಾಗಿಯೇ ಉಳಿಯುತ್ತದಂತೆ.

ಆ ಕೊಳವೆ ನೋಡುತ್ತ ಅವರು ಅಲ್ಲಿ ನಿಂತಿದ್ದರು, ನಾನು ಇಲ್ಲಿ ಮೊಬೈಲು ನೋಡುತ್ತ ಕೂತಿದ್ದೆ. ಹೆಪ್ಪುಗಟ್ಟಲಿ ಅಂತ ಬೇಡಿಕೊಂಡೆ. ಗಂಟೆಗೊಂದು ಹರಕೆ ಹೊರುವ ಹೆಂಗಸು ನಾನು, ಅವತ್ತು ಯಾವ ದೇವರ ಹೆಸರೂ ನೆನಪಾಗಲಿಲ್ಲ. ಕೊನೆಗೆ ಪೇಟೆಯವನು ಫೋನು ಮಾಡಿದ. ಧ್ವನಿ ಅವನದಲ್ಲ ಅನ್ನಿಸಿತು.

"ಬಗ್ಸುದ್ರೆ ನೀರ್ ನೀರ್ ಹರೀತಾದೆ ಅಕ್ಕ."

ಔಷಧಿ ಹನಿಹನಿಯಾಗಿ ಹಾಕಲು ಶುರು ಮಾಡಿದರು. ಆಮೇಲೆ ಮಂಡ್ಯಕ್ಕೆ ಕಳಿಸಿದರು. ಕೈ ಮೊಣಕೈ ದಾಟಿ ಊದಿತ್ತು, ಮೂತ್ರ ಕಡಿಮೆಯಾಗಿತ್ತು, ಕಿಡ್ನಿ ಏನಾಗುತ್ತದೋ ನೋಡಬೇಕು ಅಂದಿದ್ದರು. ನಮ್ಮ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಕೊನೆಯ ಸಂದೇಶಗಳು ಹಾಗೇ ಇದ್ದವು: ಅವನ ಎರಡು ಪದ, ಅದರ ಕೆಳಗೆ ಹಲ್ಲು ಕಿಸಿಯುವ ಬೊಂಬೆ, ಬಾವಿ ತಾವ ಕುಂತ್ಕೊ ಅನ್ನುವ ಮಾತು. ಪೇಟೆಯವನು ಅದನ್ನು ಅಳಿಸಲು ನೋಡಿದ, ಅಷ್ಟರಲ್ಲಿ ಸಮಯ ಮೀರಿ ಆಗಲಿಲ್ಲವಂತೆ. ನಾನು ಬ್ಲೌಸಿನ ತೋಳುಗಳನ್ನು ತಿರುವುಮುರುವು ಹೊಲಿದು ಬಿಚ್ಚಿದೆ. ಕೊಟ್ಟಿಗೆಯಿಲ್ಲದ, ಮೆದೆಯಿಲ್ಲದ ನಮ್ಮ ಮನೆಯಲ್ಲಿ ಬಟ್ಟೆ ಗಂಟಿಗೆ ಕೈ ಹಾಕಲು ಹೆದರುತ್ತಿದ್ದೆ. ಕತ್ತರಿಯ ತುದಿಯಿಂದ ಬಟ್ಟೆ ಎಳೆದುಕೊಳ್ಳುವುದನ್ನು ಕಂಡ ಗಿರಾಕಿಯೊಬ್ಬಳು ನಕ್ಕಳು. ನಗಲಿ ಅಂತ ಸುಮ್ಮನಾದೆ.

ಒಂದು ಮಧ್ಯಾಹ್ನ ಅಳತೆ ಬರೆದುಕೊಳ್ಳುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ದೇವಲಾಪುರದವನ ನಂಬರು.

"ಬಾವಿ ತಾವ ಇವ್ನಿ."

ಪಾಂಡವಪುರದವನು ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಕಳಿಸಿದ. ಪೇಟೆಯವನು ಅತ್ಬುಟ್ಟೆ ಕಣ್ಲಾ ಅಂತ ಬರೆದ. ನನಗೂ ಅಳು ಬರಬೇಕಿತ್ತು, ಬಂದದ್ದು ನಡುಕ. ಬದುಕಿದ ಅಂತ ಸಂತೋಷಪಡುವ ಮೊದಲು ನನ್ನ ತಲೆಗೆ ಬಂದದ್ದು ಆಟದಲ್ಲಿ ಎಡಗೈಗೆ ಬರುವ ಕಂದೀಲು. ಹಾಳು ತಲೆ. ಆ ಸಂಜೆಯೇ ವೋಟು ಹಾಕಿದ್ದ ಪುಟ ತೆರೆದೆ. ಬೇಕು ಅಂತ ಇದ್ದದ್ದನ್ನು ಬೇಡ ಅಂತ ಮಾಡಿದೆ. ಎದ್ದು ಬಂದವನು ಬೇರೆಯವನು ಅಂತ ಅವರು ಎಲ್ಲಾದರೂ ಬರೆದುಬಿಟ್ಟರೆ? ಅಚ್ಚಾಗಿ ಬಂದದ್ದನ್ನು ಇಲ್ಲ ಅನ್ನಲು ಆಗುವುದಿಲ್ಲ. ಆಟದ ಮಾತು ಆಟಕ್ಕೆ ಅಂತ ನನಗೆ ನಾನೇ ಬೈದುಕೊಂಡೆ, ವೋಟು ಮಾತ್ರ ತಿರುಗಿ ಬದಲಾಯಿಸಲಿಲ್ಲ.

ಅವನು ಮನೆಗೆ ಬಂದ ಮೇಲೆ ಒಂದು ಭಾನುವಾರ ನೋಡಲು ಹೋದೆವು. ಪಾಂಡವಪುರದವನಿಗೆ ಬಿಡುವಾಗಲಿಲ್ಲ. ನಾನು ನಾಗಮಂಗಲದವರೆಗೆ ಬಸ್ಸಿನಲ್ಲಿ ಹೋದೆ, ಅಲ್ಲಿಂದ ಪೇಟೆಯವನು ಮಾಮುವಿನ ಗಾಡಿಯಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಕಿತ್ತಳೆ, ಸೇಬಿನ ಚೀಲ ನನ್ನ ತೊಡೆಯ ಮೇಲಿತ್ತು. ಮನೆಯ ಹಿತ್ತಿಲಲ್ಲಿ ಮೆದೆ ಇರಲಿಲ್ಲ. ಅಷ್ಟು ಹುಲ್ಲನ್ನೂ ಬಯಲಿಗೆ ಎಳೆದು ಹಾಕಿಸಿದ್ದರು.

ಜಗಲಿಯಲ್ಲಿ ಕೂತಿದ್ದವನು ಎದ್ದು ನಿಂತ. ಧ್ವನಿಯಿಂದ ನಾನು ಎಣಿಸಿದ್ದಕ್ಕಿಂತ ಚಿಕ್ಕವನು, ಮೊದಲೇ ಸಣ್ಣಗಿದ್ದನೋ ಈಗ ಸೊರಗಿದ್ದನೋ ತಿಳಿಯಲಿಲ್ಲ. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಬನ್ನಿ ಅಕ್ಕ ಅಂದ. ನಾನು ಹಣ್ಣಿನ ಚೀಲ ನೀಡಿದೆ. ಅವನು ಎಡಗೈ ಚಾಚಿ ತೆಗೆದುಕೊಂಡ.

ನನ್ನ ಕೈ ಚೀಲದ ಮೇಲೆ ಹಾಗೇ ನಿಂತಿತು. ಕಾರಣ ಕಣ್ಣ ಮುಂದೆಯೇ ಇತ್ತು, ಬಲಗೈಗೆ ಗಾಯ. ಎಡಗೈಯಲ್ಲದೆ ಇನ್ಯಾವ ಕೈ ಚಾಚುತ್ತಾನೆ. ಗೊತ್ತಿದ್ದೂ ಚೀಲವನ್ನು ತಕ್ಷಣ ಬಿಡಲಿಲ್ಲ. ಅವನು ನನ್ನ ಮುಖ ನೋಡಿದ. ಪೇಟೆಯವನು ನೆಲ ನೋಡುತ್ತಿದ್ದ. ಮೂವರಿಗೂ ಒಂದೇ ವಿಷಯ ನೆನಪಾಗಿದೆ ಅಂತ ಮೂವರಿಗೂ ಗೊತ್ತಾಯಿತು.

ಊಟಕ್ಕೆ ಕೂರಿಸಿದರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಅವನ ತಾಯಿ ಸಣ್ಣ ಆಳು, ಮಾತು ಕಡಿಮೆ. ಎಡಗೈಯಲ್ಲಿ ತಿನ್ನಲು ಅವನನ್ನು ಬಿಡುತ್ತಿರಲಿಲ್ಲ. ಬಲಗೈ ಸರಿಹೋಗುವವರೆಗೆ ತಾನೇ ತಿನ್ನಿಸುತ್ತೇನೆ ಅಂತ ತಟ್ಟೆ ಇಟ್ಟುಕೊಂಡು ಅವನ ಮುಂದೆ ಕೂತಿದ್ದರು. ನಾನು ಏನಾದರೂ ಮಾತಾಡಬೇಕಲ್ಲ ಅಂತ, ವೋಟು ಬದಲಾಯಿಸಿದೆ ಕಣಪ್ಪ, ಪುಸ್ತಕ ಬೇಡ ಅಂತ ಹಾಕಿದ್ದೇನೆ, ನೀನು ಗೆದ್ದೆ ಅಂದೆ. ನಗುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ. ತಾನೂ ಬದಲಾಯಿಸಿದ್ದೇನೆ, ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಬೇಕು ಅಂತ ಒತ್ತಿದೆ ಅಂದ. ಇಬ್ಬರ ವೋಟೂ ಅದಲುಬದಲಾಗಿ ಲೆಕ್ಕ ಇದ್ದಲ್ಲೇ ಇತ್ತು. ಪೇಟೆಯವನು ಕೆಮ್ಮಿದ.

ಯಾಕಪ್ಪ ಅಂದೆ. ಅವನು ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡಿದ. ಹೆದರಿದ್ದ. ಹೆದರಿಕೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ.

"ಈ ಕೈ ನಂದು ಅನ್ನುಸ್ತಿಲ್ಲ ಅಕ್ಕ. ರಾತ್ರಿ ಎಚ್ರ ಆದ್ರೆ ಯಾರ್ದೋ ಪಕ್ದಲ್ ಮಡಗವ್ರೆ ಅನ್ನುಸ್ತದೆ. ಅವ್ರು ಬರೀಲಿ ಬುಡಿ. ಬಾವಿಯಿಂದ ಎದ್ ಬಂದೋನು ಅವ್ನೇನಾ, ಬ್ಯಾರೆಯೋನಾ ಅಂತ ನಂಗೂ ಗೊತ್ತಾಗ್ಬೇಕು."

ಅವನ ತಾಯಿಗೆ ಆಟ ಗೊತ್ತಿಲ್ಲ, ಪುಸ್ತಕ ಗೊತ್ತಿಲ್ಲ, ಯಾವ ಬಾವಿ ಅಂತಲೂ ಗೊತ್ತಿಲ್ಲ. ಅವರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವನ ಬಾಯಿಯ ಹತ್ತಿರ ಹಿಡಿದಿದ್ದರು.

"ಯಾವನಾರ ಆಗ್ಲಿ," ಅಂದರು. "ನನ್ ಮಗನೇ. ಬಾಯ್ ತಗಿ."

ಅವನು ಬಾಯಿ ತೆಗೆದ.